ತೆಪ್ಪ ಬಲ್ಲವರು ಕಡಲಿನ ಕಲ್ಲುದ್ವೀಪ ಸುತ್ತಬಹುದಾ?

ಪ್ರಶ್ನೆ: ನಾವು ಸುರಪುರ ಕಡೆಯ ಮೂವರು ಗೆಳೆಯರು. ತಿಂಥಣಿ ಹತ್ತಿರ ಕೃಷ್ಣೆಯಲ್ಲಿ ಸಣ್ಣವರಿದ್ದಾಗಿನಿಂದ ಈಜಿ, ತೆಪ್ಪ ನಡೆಸಿ ರೂಢಿ ಇದೆ. ಹೋದ ವರ್ಷ ಕಾರವಾರಕ್ಕೆ ಹೋದಾಗ ದಂಡೆಯಿಂದ ಕಲ್ಲಿನ ದ್ವೀಪಗಳನ್ನು ನೋಡಿದೆವು. ಈ ಡಿಸೆಂಬರ್‌ನಲ್ಲಿ ಗಾಳಿ ತುಂಬುವ ಕಯಾಕ್ ಒಂದನ್ನು ಕೊಂಡು ಕಾರವಾರ, ಮುರ್ಡೇಶ್ವರ, ಮಲ್ಪೆ ಕಡೆಯ ದ್ವೀಪಗಳ ಅಂಚನ್ನು ನಾವೇ ಸುತ್ತಬೇಕು, ಇಳಿದು ನೋಡಬೇಕು ಅಂತ ಆಸೆ. ನೇತ್ರಾಣಿಗೂ ಹೋಗುವ ಮನಸ್ಸಿದೆ. ಮನೆಯವರು ಬೇಡ ಅಂತಿದ್ದಾರೆ. ಏನೇನು ನೋಡಿಕೊಳ್ಳಬೇಕು ಸರ್? — ಒಬ್ಬ ಓದುಗರು, ಯಾದಗಿರಿ ಜಿಲ್ಲೆ

ಉತ್ತರ: ಮನೆಯವರ ಮಾತಿನಲ್ಲಿ ಅರ್ಧ ಸರಿ ಇದೆ. ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಆ ಕಯಾಕ್‌ನಲ್ಲಿ ಬೇಡ, ನೀವು ಪಟ್ಟಿ ಮಾಡಿದ ಎಲ್ಲ ಜಾಗಕ್ಕೂ ಬೇಡ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ನಾನೂ ನಿಮ್ಮ ಕಡೆಯವನೇ. ಶಹಾಪುರದ ಹತ್ತಿರದ ಹಳ್ಳಿಯ ಬಾವಿಯಲ್ಲಿ ಈಜು ಕಲಿತು, ಕೃಷ್ಣೆಯಲ್ಲಿ ತೆಪ್ಪ ಕಲಿತು, ಆಮೇಲೆ ಹೊಟ್ಟೆಪಾಡಿಗೆ ಕರಾವಳಿ ಸೇರಿದವನು. ಒಂಬತ್ತು ವರ್ಷ ಸಮುದ್ರದ ಆಳ ಅಳೆಯುವ ಸಣ್ಣ ಬೋಟುಗಳಲ್ಲಿ ದುಡಿದೆ. ಈಗ ಕಲಬುರಗಿಯಲ್ಲಿ ಹುಡುಗರಿಗೆ ನೀರಿನಲ್ಲಿ ಜೀವ ಉಳಿಸುವುದು ಹೇಗೆ ಅಂತ ಕಲಿಸುತ್ತೇನೆ. ನಿಮ್ಮ ಪತ್ರ ಓದುತ್ತಿದ್ದಾಗ, ಇಪ್ಪತ್ತೆರಡರ ವಯಸ್ಸಿನಲ್ಲಿ ನಾನೇ ಬರೆದಿದ್ದೆನೇನೋ ಅನಿಸಿತು.

ಮೊದಲು ಕೃಷ್ಣೆಯಲ್ಲಿ ನಾವು ಕಲಿತದ್ದು ಏನು ಅಂತ ನೋಡೋಣ. ಹೊಳೆಯಲ್ಲಿ ನೀರು ಒಂದೇ ಕಡೆಯಿಂದ ಬರುತ್ತದೆ. ನಾರಾಯಣಪುರದ ಬಸವಸಾಗರದಲ್ಲಿ ಗೇಟು ಎತ್ತಿದರೆ ಜಾಸ್ತಿ, ಇಳಿಸಿದರೆ ಕಡಿಮೆ. 33 ಟಿಎಂಸಿ ನೀರು ಹಿಡಿಯುವ ಜಲಾಶಯ ಅದು. 30 ಗೇಟು. ಎಷ್ಟು ಬಿಡುತ್ತಾರೆ ಅನ್ನುವುದಕ್ಕೆ ಲೆಕ್ಕ ಇರುತ್ತದೆ, ನದಿ ದಂಡೆಯ ಹಳ್ಳಿಗಳಿಗೆ ಮೊದಲೇ ಸುದ್ದಿ ಬರುತ್ತದೆ. ಹೊಳೆ ನಡುವಿನ ನೀಲಕಂಠರಾಯನಗಡ್ಡೆಯ ಜನ ಮಳೆಗಾಲಕ್ಕೆ ದಿನಸಿ ಕೂಡಿಟ್ಟುಕೊಳ್ಳುತ್ತಿದ್ದದ್ದು ಈ ಲೆಕ್ಕ ನೋಡಿಯೇ. ಇನ್ನು ನೀರಿನ ನಡುವೆ ಬಂಡೆ ಅಡ್ಡ ಬಂದರೆ ಏನು ಮಾಡುತ್ತೇವೆ? ತೆಪ್ಪವನ್ನು ಬಂಡೆಯ ಬೆನ್ನ ಹಿಂದಕ್ಕೆ ಹಾಕುತ್ತೇವೆ. ಅಲ್ಲಿ ನೀರು ತಣ್ಣಗಿರುತ್ತದೆ. ಬಂಡೆಗೆ ಕೈ ಕೊಟ್ಟು ನಿಂತು, ದಣಿವಾರಿಸಿಕೊಂಡು, ಮುಂದಿನ ಸೆಳವು ನೋಡಿ ಹೊರಡುತ್ತೇವೆ. ಅಲ್ವಾ?

ಈ ಒಂದು ಅಭ್ಯಾಸವನ್ನು ಕಡಲಿಗೆ ಒಯ್ಯಬೇಡಿ. ಹೊಳೆಯವರು ಕಡಲಿನಲ್ಲಿ ಪೆಟ್ಟು ತಿನ್ನುವುದು ಇಲ್ಲೇ.

ಕಡಲಿನಲ್ಲಿ ದೂರದಿಂದ ಬರುವ ಉದ್ದ ಅಲೆ ಹೊಳೆಯ ಸೆಳವಿನಂತೆ ಒಂದೇ ದಾರಿ ಹಿಡಿದು ಹರಿದು ಹೋಗುವುದಿಲ್ಲ. ದ್ವೀಪದ ಹತ್ತಿರ ಆಳ ಕಡಿಮೆಯಾದಂತೆ ಅಲೆ ನಿಧಾನವಾಗುತ್ತದೆ, ಬಾಗುತ್ತದೆ. ಎಡಗಡೆ ಹೋದ ಅಲೆ ಎಡದಿಂದ ಸುತ್ತಿ ಬರುತ್ತದೆ, ಬಲಗಡೆ ಹೋದದ್ದು ಬಲದಿಂದ ಬರುತ್ತದೆ. ಎರಡೂ ದ್ವೀಪದ ಬೆನ್ನ ಹಿಂದೆ, ನೀವು ಆರಾಮಾಗಿ ನಿಲ್ಲಬೇಕು ಅಂದುಕೊಂಡ ಜಾಗದಲ್ಲೇ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಗಾಳಿಗೆ ಅದು ಮರೆ, ಅಲೆಗೆ ಮರೆ ಅಲ್ಲ. ಸಣ್ಣ ದ್ವೀಪ, ಒಂಟಿ ಬಂಡೆ ಆದರಂತೂ ಹಿಂದೆ ಮುಂದೆ ವ್ಯತ್ಯಾಸವೇ ಕಮ್ಮಿ.

ಇದನ್ನು ನಾನು ಯಾರಿಂದಲೋ ಕೇಳಿ ತಿಳಿದದ್ದಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಕಾರವಾರದ ಆಚೆ, ಬೆಳಿಗ್ಗೆ ಹತ್ತು ಗಂಟೆ ಇರಬಹುದು. ನಾವು ಮೂವರು, ಹೊರಗೆ ಎಂಜಿನ್ ಕಟ್ಟಿದ ಹದಿನೆಂಟು ಅಡಿ ಫೈಬರ್ ದೋಣಿ. ಒಂದು ಬಂಡೆಯ ಬೆನ್ನಿಗೆ ನೀರು ಕನ್ನಡಿ ಹಾಗಿತ್ತು. 'ಅಲ್ಲಿ ನಿಲ್ಲಿಸ್ರಿ, ಚಹಾ ಕುಡಿದು ಹೋಗೋಣ' ಅಂದವನು ನಾನೇ. ಎಂಜಿನ್ ಆಫ್ ಮಾಡಿ ಫ್ಲಾಸ್ಕ್ ಮುಚ್ಚಳ ತೆಗೆದಿದ್ದೆವು ಅಷ್ಟೇ. ಎರಡೂ ಕಡೆಯಿಂದ ಒಂದೊಂದು ದಿಬ್ಬ ಎದ್ದು ಬಂತು. ದೋಣಿ ಎತ್ತಿ ಬಂಡೆಯ ಮೇಲೆ ಕೂತಿತು. ನೀರು ಇಳಿಯಿತು, ದೋಣಿ ಓರೆಯಾಯಿತು, ಎಂಜಿನ್ ಫ್ಯಾನು ಕಲ್ಲಿಗೆ ಬಡಿದು ಪಿನ್ನು ಮುರಿಯಿತು. ಅಷ್ಟು ದೂರದಲ್ಲಿ ಬಲೆ ಬಿಡುತ್ತಿದ್ದ ಹಿರಿಯರೊಬ್ಬರು ಹತ್ತಿರ ಬರದೆ, ದೂರ ನಿಂತೇ ಹಗ್ಗ ಎಸೆದು ಎಳೆದರು. ದಂಡೆಗೆ ಬಂದ ಮೇಲೆ ಅವರು ಬೈಯಲಿಲ್ಲ. 'ಕಲ್ಲಿನ ಬಣ್ಣ ನೋಡಲಿಲ್ವಾ?' ಅಂತ ಕೇಳಿದರು, ಅಷ್ಟೇ.

ಕಲ್ಲಿನ ಬಣ್ಣ ಅಂದರೆ ಏನು ಅಂತ ಅವರೇ ತೋರಿಸಿದರು. ಯಾವ ಕಲ್ಲುದ್ವೀಪವನ್ನು ನೋಡಿದರೂ ನೀರಿನ ಅಂಚಿನಿಂದ ಮೇಲಕ್ಕೆ ಪಟ್ಟಿ ಪಟ್ಟಿಯಾಗಿ ಬಣ್ಣ ಬದಲಾಗುತ್ತದೆ. ಕೆಳಗೆ ಬಿಳಿಚಾದ, ಒರಟಾದ ಪಟ್ಟಿ. ಅದು ಕಲ್ಲಿಗೆ ಅಂಟಿದ ಚಿಪ್ಪುಗಳದ್ದು, ಭರತ ಇಳಿತದ ಜಾಗ. ಅದರ ಮೇಲೆ ಕಪ್ಪು ಪಟ್ಟಿ. ಅಲೆಯ ನೀರು ಆಗಾಗ ಬಡಿದು ಸಿಡಿಯುವ ಜಾಗ, ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ. ಅದರ ಮೇಲೆ ಬರೀ ಕಲ್ಲು, ಅದಕ್ಕೂ ಮೇಲೆ ಹುಲ್ಲು. ಹುಲ್ಲು ಎಲ್ಲಿ ಶುರುವಾಗುತ್ತದೋ ಅಲ್ಲಿಗೆ ಮಳೆಗಾಲದ ಅಲೆ ತಲುಪುವುದು ನಿಂತಿತು ಅಂತ ಅರ್ಥ. ದ್ವೀಪದ ಒಂದು ಮಗ್ಗುಲಲ್ಲಿ ಕಪ್ಪು ಪಟ್ಟಿ ಒಂದು ಮಾರು ಅಗಲ, ಇನ್ನೊಂದು ಮಗ್ಗುಲಲ್ಲಿ ಮೂರು ಮಾರು ಅಗಲ ಇದ್ದರೆ, ಯಾವ ಕಡೆ ಪೆಟ್ಟು ಜೋರು ಅಂತ ಕಲ್ಲೇ ಹೇಳುತ್ತಿದೆ. ನಾವು ಚಹಾಕ್ಕೆ ನಿಂತ ಬಂಡೆಗೆ ಸುತ್ತಲೂ ಒಂದೇ ಅಗಲದ ಕಪ್ಪು ಪಟ್ಟಿ ಇತ್ತು. ಮರೆಯೇ ಇಲ್ಲದ ಬಂಡೆ ಅದು.

ಎರಡನೇ ವಿಷಯ, ಕಾಯುವುದು. ಕಡಲಿನ ಅಲೆ ಒಂದೇ ಸಮ ಬರುವುದಿಲ್ಲ. ಸಣ್ಣವು ಸಾಲಾಗಿ ಬರುತ್ತವೆ, ಆಮೇಲೆ ನಾಲ್ಕೈದು ದೊಡ್ಡವು ಒಟ್ಟಿಗೆ ಬರುತ್ತವೆ, ಮತ್ತೆ ಸುಮ್ಮನಾಗುತ್ತದೆ. ಈ ಎರಡು ದೊಡ್ಡ ಗುಂಪುಗಳ ನಡುವೆ ಎಷ್ಟೋ ಸಲ ಹತ್ತು ನಿಮಿಷ ಬಿಡುವು ಇರುತ್ತದೆ. ಹೊಸಬರು ಬರುವುದು, ನೋಡುವುದು, 'ಏನೂ ಇಲ್ಲ' ಅನ್ನುವುದು ಆ ಬಿಡುವಿನಲ್ಲೇ. ಹಾಗಾಗಿ ಯಾವ ಕಲ್ಲಿನ ಹತ್ತಿರ ಹೋಗುವ ಮೊದಲೂ ನೂರು ಮೀಟರ್ ಆಚೆ ನಿಂತು, ಗಡಿಯಾರ ನೋಡಿ, ಕಾಲು ಗಂಟೆ ಸುಮ್ನೆ ಕೂಡಿ. ನಿಮ್ಮ ಜೊತೆಯವರು ಬೇಜಾರಾಗಿ ಗೊಣಗಬಹುದು. ಗೊಣಗಲಿ ಬಿಡಿ.

ಕಾಯುವುದಕ್ಕೆ ಇನ್ನೊಂದು ಕಾರಣ, ನೀರಿನ ಕೆಳಗೆ ಅಡಗಿರುವ ಕಲ್ಲು. ಲೆಕ್ಕ ಸುಲಭ. ಅಲೆ ತನ್ನ ಎತ್ತರದ ಸುಮಾರು 1.3 ಪಟ್ಟು ಆಳಕ್ಕೆ ಬಂದಾಗ ಒಡೆಯುತ್ತದೆ. ಒಂದು ಕಲ್ಲಿನ ಮೇಲೆ ಎರಡು ಮೀಟರ್ ನೀರಿದೆ ಅಂದುಕೊಳ್ಳಿ. ಒಂದು ಮೀಟರ್ ಎತ್ತರದ ಅಲೆ ಅದರ ಮೇಲೆ ಸದ್ದಿಲ್ಲದೆ ದಾಟಿ ಹೋಗುತ್ತದೆ. ಕಲ್ಲಿದೆ ಅಂತ ನಿಮಗೆ ಗೊತ್ತೇ ಆಗುವುದಿಲ್ಲ. ಹತ್ತು ನಿಮಿಷಕ್ಕೊಮ್ಮೆ ಬರುವ ಒಂದೂವರೆ ಮೀಟರಿನ ಅಲೆ ಮಾತ್ರ ಅಲ್ಲೇ ಎದ್ದು, ಬಿಳಿಯಾಗಿ ಒಡೆದು ಬೀಳುತ್ತದೆ. ಆ ಹೊತ್ತಿಗೆ ನಿಮ್ಮ ದೋಣಿ ಅಲ್ಲಿದ್ದರೆ ಮುಗಿಯಿತು. ಕೃಷ್ಣೆಯಲ್ಲಿ ಮುಳುಗಿದ ಬಂಡೆ ಯಾವಾಗಲೂ ಮೇಲೆ ಒಂದು ಸುಕ್ಕು, ಒಂದು ಸುಳಿ ತೋರಿಸುತ್ತದೆ. ಕಡಲಿನ ಬಂಡೆ ಹತ್ತು ನಿಮಿಷ ಏನನ್ನೂ ತೋರಿಸದೆ ಇರಬಲ್ಲದು.

ನೆಟ್ಟಗೆ ನಿಂತ ಕಲ್ಲುಗೋಡೆಯ ಹತ್ತಿರ ಇನ್ನೊಂದು ತಮಾಷೆ. ಅಲೆ ಒಡೆಯದೆ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಹೋಗುವ ಅಲೆಯೂ ಬರುವ ಅಲೆಯೂ ಕೂಡಿದ ಕಡೆ ನೀರು ಕುದಿಯುವ ಎಸರಿನ ಹಾಗೆ ಇದ್ದಲ್ಲೇ ಮೇಲೆ ಕೆಳಗೆ ಕುಣಿಯುತ್ತದೆ, ಎತ್ತರವೂ ಹೆಚ್ಚುಕಮ್ಮಿ ಎರಡರಷ್ಟು. ಫೋಟೋ ಚೆನ್ನಾಗಿ ಬರುತ್ತೆ ಅಂತ ಗೋಡೆಯ ಬುಡಕ್ಕೆ ಹೋಗುವವರಿಗೆ ಅಲ್ಲಿ ಕೂತಲ್ಲಿ ಕೂರಲು ಆಗುವುದಿಲ್ಲ. ಬಂಡೆಯ ಸೀಳು, ಗುಹೆ ಕಂಡರೆ ಒಳಗೆ ಹೋಗುವ ಆಸೆ ಆಗುತ್ತದೆ, ನನಗೂ ಆಗುತ್ತಿತ್ತು. ಒಳಗೆ ಹೋದ ಮೇಲೆ ದೊಡ್ಡ ಅಲೆ ಬಂದರೆ ತಲೆಯ ಮೇಲಿನ ಕಲ್ಲಿಗೂ ನಿಮಗೂ ನಡುವೆ ಜಾಗ ಉಳಿಯುವುದಿಲ್ಲ. ನಮ್ಮ ಕರಾವಳಿಯಲ್ಲಿ ಗುಹೆಯನ್ನು ಹೊರಗಿನಿಂದ ನೋಡಿ ಬಂದರೆ ಸಾಕು.

ಈಗ ಭರತ, ಇಳಿತ. ಇದಕ್ಕೆ ನಿಮ್ಮ ಮನೆ ಗೋಡೆಯ ಕ್ಯಾಲೆಂಡರ್ ಸಾಕು. ಅಮಾವಾಸ್ಯೆ, ಹುಣ್ಣಿಮೆಯ ಸುತ್ತಮುತ್ತ ನೀರಿನ ಏರಿಳಿತ ಜಾಸ್ತಿ. ಕಾರವಾರದಲ್ಲಿ ಸುಮಾರು ಎರಡು ಮೀಟರ್. ಅಷ್ಟಮಿಯ ಸುತ್ತಮುತ್ತ ಕಡಿಮೆ. ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ, ಒಂದೊಂದಕ್ಕೂ ಆರು ಗಂಟೆಗಿಂತ ಸ್ವಲ್ಪ ಜಾಸ್ತಿ. ಮರುದಿನ ಎಲ್ಲವೂ ಸುಮಾರು 50 ನಿಮಿಷ ತಡ. ಈ ಆರು ಗಂಟೆಯಲ್ಲಿ ನೀರು ಒಂದೇ ವೇಗದಲ್ಲಿ ಸರಿಯುವುದಿಲ್ಲ. ಮೂರನೇ ಮತ್ತು ನಾಲ್ಕನೇ ಗಂಟೆಯಲ್ಲೇ ಅರ್ಧ ನೀರು ಸರಿದು ಹೋಗುತ್ತದೆ. ಎರಡು ದ್ವೀಪಗಳ ನಡುವಿನ ಸಂದಿಯಲ್ಲಿ ಆ ಹೊತ್ತಿಗೆ ನೀರು ನಮ್ಮ ಹೊಳೆಯ ಹಾಗೇ ಹರಿಯುತ್ತದೆ. ಅಲ್ಲಿ ಮಾತ್ರ ನಿಮ್ಮ ತೆಪ್ಪದ ಬುದ್ಧಿ ಕೆಲಸಕ್ಕೆ ಬರುತ್ತದೆ.

ಕಾರವಾರದಲ್ಲಿ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದ ಜಾಗ ದ್ವೀಪವಲ್ಲ, ಅಳಿವೆ. ಕಾಳಿ ನದಿ ಕಡಲು ಸೇರುವ ಬಾಯಿ. ಇಳಿತದ ಹೊತ್ತಿಗೆ ನದಿಯ ನೀರೂ ಭರತದಲ್ಲಿ ಒಳನುಗ್ಗಿದ್ದ ನೀರೂ ಒಟ್ಟಿಗೆ ಹೊರಗೆ ನುಗ್ಗುತ್ತವೆ. ಮಧ್ಯಾಹ್ನದ ಗಾಳಿ ಎದುರಿನಿಂದ ಅಲೆ ತಳ್ಳುತ್ತದೆ. ಎರಡೂ ಸೇರಿದರೆ ಅಲೆ ಗಿಡ್ಡವಾಗಿ, ಕಡಿದಾಗಿ, ಒಂದರ ಹಿಂದೆ ಒಂದು ಎದ್ದು ನಿಲ್ಲುತ್ತದೆ. ಕೆಳಗೆ ಮರಳಿನ ದಿಬ್ಬ ಬೇರೆ. ಬೆಳಿಗ್ಗೆ ಎಂಟಕ್ಕೆ ಹಾಯಾಗಿ ದಾಟಿದ ಅಳಿವೆಯನ್ನು ಮಧ್ಯಾಹ್ನ ಮೂರಕ್ಕೆ ವಾಪಸ್ ದಾಟಲು ಆಗದೆ ಹೊರಗೇ ಕಾದು ಕೂತದ್ದು ಎಷ್ಟು ಸಲವೋ.

2019ರ ಜನವರಿ 21ರಂದು ಏನಾಯಿತು ಅಂತ ನಿಮಗೆ ನೆನಪಿರಬಹುದು. ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ ಮುಗಿಸಿ ವಾಪಸ್ ಬರುತ್ತಿದ್ದ ದೋಣಿ ಕಾರವಾರದ ಹತ್ತಿರ ಮಗುಚಿ 16 ಜನ ತೀರಿಕೊಂಡರು. ದೋಣಿಯಲ್ಲಿ ಮಿತಿಗಿಂತ ಜಾಸ್ತಿ ಜನ ಇದ್ದರು. ಜಾತ್ರೆಗೆ ಹೋಗಿಬರುವವರು, ಮಕ್ಕಳು. ನಮ್ಮ ಉತ್ತರ ಕರ್ನಾಟಕದ ಕುಟುಂಬದವರೂ ಇದ್ದರು. ನಾನು ಈ ಮಾತು ತೆಗೆದದ್ದು ಹೆದರಿಸುವುದಕ್ಕಲ್ಲ. ಅದು ದಂಡೆಗೆ ಕಾಣುವಷ್ಟು ಹತ್ತಿರದ, ದಿನಾ ದೋಣಿ ಓಡಾಡುವ ನೀರು. ದೂರದ, ಜನ ಇಲ್ಲದ ದ್ವೀಪ ಮಾತ್ರ ಅಪಾಯ ಅಂದುಕೊಳ್ಳಬೇಡಿ ಅಂತ.

ಗಾಳಿಯ ಲೆಕ್ಕ ಹೀಗೆ. ಚಳಿಗಾಲದಲ್ಲಿ ಬೆಳಗಿನ ಜಾವ ನೆಲದಿಂದ ಕಡಲಿನ ಕಡೆಗೆ ತೆಳ್ಳಗೆ ಗಾಳಿ ಇರುತ್ತದೆ. ಹತ್ತು ಹನ್ನೊಂದಕ್ಕೆ ನಿಲ್ಲುತ್ತದೆ. ಆಮೇಲೆ ಕಡಲಿನಿಂದ, ವಾಯುವ್ಯದ ಕಡೆಯಿಂದ ಏಳುತ್ತದೆ. ಮೂರು ನಾಲ್ಕು ಗಂಟೆಗೆ ಜೋರು. ಆದ್ದರಿಂದ ಬೆಳಕು ಹರಿಯುವಾಗ ಹೊರಟು ಹನ್ನೊಂದರೊಳಗೆ ದಂಡೆ ಸೇರಬೇಕು. ಆದರೆ ಬೆಳಗಿನ ಗಾಳಿಯಲ್ಲೂ ಒಂದು ಮೋಸ ಇದೆ. ಅದು ನಿಮ್ಮನ್ನು ಹೊರಗೆ ತಳ್ಳುವ ಗಾಳಿ. ಹೋಗುವಾಗ 'ನಾವು ಎಷ್ಟು ಜೋರಾಗಿ ಹುಟ್ಟು ಹಾಕ್ತೀವಿ ನೋಡು' ಅನಿಸುತ್ತದೆ. ಅಲೆಯ ತಲೆಯಲ್ಲಿ ಅಲ್ಲಲ್ಲಿ ಬಿಳಿ ನೊರೆ ಕಾಣತೊಡಗಿದರೆ ಗಾಳಿ ಗಂಟೆಗೆ ಹದಿನೈದು ಕಿ.ಮೀ. ಹತ್ತಿರ ಬಂದಿದೆ ಅಂತ. ಹೊಸಬರು ಆಗ ದಂಡೆಯಲ್ಲಿರಬೇಕು.

ಇನ್ನೊಂದು, ಗಾಳಿ ಇಲ್ಲದ ದಿನವೂ ಅಲೆ ಬರಬಹುದು. ಅದು ಇಲ್ಲಿಯ ಅಲೆಯಲ್ಲ. ದಕ್ಷಿಣದ ಹಿಂದೂ ಮಹಾಸಾಗರದಲ್ಲಿ, ಸಾವಿರಾರು ಕಿ.ಮೀ. ದೂರದಲ್ಲಿ ಬಿರುಗಾಳಿ ಎಬ್ಬಿಸಿದ ಅಲೆ ದಿನಗಟ್ಟಲೆ ಸಾಗಿ ನಮ್ಮ ದಂಡೆಗೆ ಬಂದು ಏರುತ್ತದೆ. ಕೇರಳದವರು ಇದಕ್ಕೆ ಕಳ್ಳಕಡಲು ಅನ್ನುತ್ತಾರೆ. ಸರಿಯಾದ ಹೆಸರು. ಏಪ್ರಿಲ್, ಮೇನಲ್ಲಿ ಜಾಸ್ತಿ. ಚಳಿಗಾಲದಲ್ಲೂ ಒಮ್ಮೊಮ್ಮೆ ಕೊಲ್ಲಿ ದೇಶಗಳ ಕಡೆ ಬೀಸುವ ಶಮಾಲ್ ಗಾಳಿಯ ಅಲೆ ವಾಯುವ್ಯದಿಂದ ಬರುತ್ತದೆ. ಇವುಗಳ ಮುನ್ಸೂಚನೆ ಕೊಡುವ ಕೇಂದ್ರ ಎಲ್ಲಿದೆ ಗೊತ್ತಾ? ನಮ್ಮ ಪಕ್ಕದ ಹೈದರಾಬಾದಿನಲ್ಲಿ. ಹೆಸರು ಇನ್‌ಕಾಯ್ಸ್. ಬೀದರಿನವರು ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರುವ ಊರು, ಕಡಲಿನ ಗಾಳಿಯೇ ಸೋಕದ ಊರು. ಅಲ್ಲಿ ಕೂತು ಇಡೀ ದೇಶದ ಮೀನುಗಾರರಿಗೆ ಅಲೆಯ ಎತ್ತರ ಹೇಳುತ್ತಾರೆ. ಹೊರಡುವ ಮೂರು ದಿನ ಮೊದಲಿಂದ ಅವರ ಮುನ್ಸೂಚನೆ ನೋಡಿ. ಎತ್ತರದ ಜೊತೆಗೆ ಎರಡು ಅಲೆಗಳ ನಡುವೆ ಎಷ್ಟು ಸೆಕೆಂಡು ಅಂತ ಇರುತ್ತದೆ, ಅದನ್ನೂ ನೋಡಿ. ಮುಕ್ಕಾಲು ಮೀಟರ್ ಎತ್ತರ, ಆರು ಸೆಕೆಂಡು ಅಂದರೆ ಸಾಮಾನ್ಯ ದಿನ. ಅದೇ ಎತ್ತರ, ಹದಿನಾರು ಸೆಕೆಂಡು ಅಂದರೆ ಕಲ್ಲಿನ ಹತ್ತಿರ ಹೋಗುವ ದಿನ ಅಲ್ಲ. ಉದ್ದ ಅಲೆ ತೆರೆದ ಕಡಲಿನಲ್ಲಿ ಕಾಣುವುದೇ ಇಲ್ಲ, ಕಲ್ಲಿನ ಬುಡದಲ್ಲಿ ಮೇಲೇಳುತ್ತದೆ.

ಈಗ ನಿಮ್ಮ ಪಟ್ಟಿ.

ನೇತ್ರಾಣಿ ಬಿಡಿ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ಕಯಾಕ್‌ನಲ್ಲಿ ಗಂಟೆಗೆ ಐದು ಕಿ.ಮೀ. ಅಂದರೂ ಹೋಗುವುದಕ್ಕೇ ನಾಲ್ಕು ಗಂಟೆ. ಬರುವಾಗ ಮಧ್ಯಾಹ್ನದ ಗಾಳಿ. ಸುತ್ತ ಕಡಿದಾದ ಕಲ್ಲು, ಕಾಲೂರಲು ಮರಳಿಲ್ಲ. ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ ದ್ವೀಪ ಅದು, ಇಳಿಯುವ ಮಾತೇ ಬೇಡ. ಆದರೆ ಅಲ್ಲಿ ನೀರು ತಿಳಿ. ಸ್ಕೂಬಾ ಡೈವಿಂಗಿಗೆ ಕರೆದುಕೊಂಡು ಹೋಗುವ ದೊಡ್ಡ ಬೋಟುಗಳಿವೆ, ಅದರಲ್ಲಿ ಹೋಗಿ. ಮೇಲೆ ಬಿಳಿ ಹೊಟ್ಟೆಯ ಕಡಲ ಹದ್ದು ಸುತ್ತುವುದನ್ನು ನೋಡಿ. ಸಾಕು.

ಕಾರವಾರದ ಹತ್ತಿರದ ಅಂಜದೀವ್ ದ್ವೀಪ ನೌಕಾಪಡೆಯದು, ಹತ್ತಿರವೂ ಸುಳಿಯಬೇಡಿ. ಕಾರವಾರದ ದಕ್ಷಿಣಕ್ಕೆ ನೌಕಾನೆಲೆಯ ಮುಂದಿನ ನೀರೂ ಹಾಗೇ. ಗೊತ್ತಿಲ್ಲದೆ ಹೋದೆವು ಅಂದರೆ ಕೇಳುವವರಿಲ್ಲ.

ಕಾರವಾರದ ಕೂರ್ಮಗಡ, ದೇವಗಡ ನೋಡಬಹುದು. ದೇವಗಡದ ದೀಪಸ್ತಂಭ ಸಂಜೆ ದಂಡೆಯಿಂದಲೇ ಕಾಣುತ್ತದೆ, ನಿಮ್ಮ ಆಸೆ ಹುಟ್ಟಿದ್ದೂ ಅದನ್ನು ನೋಡಿಯೇ ಇರಬೇಕು. ಇವೆರಡನ್ನೂ ಊರಿನ ದೋಣಿಯಲ್ಲಿ, ಊರಿನವರ ಜೊತೆ ಸುತ್ತಿ. ಹೊನ್ನಾವರದ ಹತ್ತಿರದ ಬಸವರಾಜದುರ್ಗವನ್ನೂ ಹಾಗೇ. ಅದರ ಕೋಟೆಯ ಗೋಡೆ ನೀರಿನಿಂದ ನೋಡುವಾಗಲೇ ಚೆಂದ.

ಮಲ್ಪೆಯ ಸೇಂಟ್ ಮೇರೀಸ್ ನಿಮಗೆ ಎಲ್ಲಕ್ಕಿಂತ ಸುಲಭ. ದಂಡೆಯಿಂದ ಸುಮಾರು ಆರು ಕಿ.ಮೀ., ಪ್ರವಾಸಿಗರ ಬೋಟು ಇದೆ, ಮಳೆಗಾಲದಲ್ಲಿ ಬಂದ್. ಅಲ್ಲಿಯ ಕಲ್ಲು ನೋಡುವಾಗ ಒಂದು ತಪ್ಪು ಮಾಡಬೇಡಿ. ಕಲಬುರಗಿ, ಬೀದರ್ ಕಡೆಯ ನಮಗೆ ಕಪ್ಪು ಕಲ್ಲು ಅಂದರೆ ದಖನ್ನಿನ ಲಾವಾ ಕಲ್ಲು. ಬೀದರಿನ ಕೆಂಪು ಜಂಬಿಟ್ಟಿಗೆಯ ಕೆಳಗೆ ಇರುವುದೂ ಅದೇ. ಸೇಂಟ್ ಮೇರೀಸಿನ ಷಟ್ಕೋನದ ಕಂಬಗಳನ್ನು ನೋಡಿ 'ಇದೂ ನಮ್ಮದೇ ಕಲ್ಲು' ಅನ್ನುತ್ತಾರೆ ನಮ್ಮವರು. ನಾನೂ ಅಂದಿದ್ದೆ. ಅಲ್ಲ. ದಖನ್ನಿನ ಲಾವಾ ಸುಮಾರು 6.6 ಕೋಟಿ ವರ್ಷ ಹಳೆಯದು. ಸೇಂಟ್ ಮೇರೀಸಿನದು ಸುಮಾರು 8.8 ಕೋಟಿ ವರ್ಷ ಹಳೆಯದು, ಮಡಗಾಸ್ಕರ್ ನಮ್ಮಿಂದ ಕಡಿದುಕೊಂಡು ಹೋದ ಕಾಲದ್ದು. ಕಲ್ಲಿನ ಜಾತಿಯೇ ಬೇರೆ. ಬಿಸಿ ಲಾವಾ ತಣ್ಣಗಾಗುತ್ತಾ ಕುಗ್ಗಿ ಬಿರುಕು ಬಿಟ್ಟದ್ದರಿಂದ ಆ ಕಂಬಗಳು. ಬೇಸಿಗೆಯಲ್ಲಿ ನಮ್ಮ ಎರೆ ಹೊಲ ಬಿರಿಯುವುದನ್ನು ನೋಡಿದವರಿಗೆ ಇದು ಅರ್ಥವಾಗುವುದು ಕಷ್ಟವಲ್ಲ.

ಕಯಾಕ್ ವಿಷಯ. ಗಾಳಿ ತುಂಬುವ ಕಯಾಕ್ ನೀರಿನ ಮೇಲೆ ಎತ್ತರಕ್ಕೆ ಕೂರುತ್ತದೆ. ಗಾಳಿ ಬಂದರೆ ಒಣ ಎಲೆಯ ಹಾಗೆ. ಕಲ್ಲಿಗೆ ಅಂಟಿದ ಚಿಪ್ಪು ಬ್ಲೇಡಿನಷ್ಟು ಹರಿತ, ಒಂದು ಸಲ ಉಜ್ಜಿದರೆ ಸಾಕು. ಅದನ್ನು ಕೊಂಡರೆ ಕೆರೆಯಲ್ಲಿ ಇಟ್ಟುಕೊಳ್ಳಿ. ಕಲ್ಲುದ್ವೀಪಕ್ಕೆ ಬೇಕಾದದ್ದು ಮರದ ಅಥವಾ ಫೈಬರಿನ ನಾಡದೋಣಿ, ಹೊರಗೆ ಕಟ್ಟುವ ಎಂಜಿನ್, ಜೊತೆಗೆ ಅದೇ ನೀರಿನಲ್ಲಿ ಬೆಳೆದ ಮೀನುಗಾರರು. ಬಾಡಿಗೆ ಮಾತಾಡುವಾಗ 'ಎಷ್ಟು ಕಡಿಮೆ ಮಾಡ್ತೀರಿ' ಅಂತ ಕೇಳುವ ಮೊದಲು 'ಯಾವ ದಿನ ಹೋಗಬಾರದು' ಅಂತ ಕೇಳಿ. ಸರಿಯಾದ ಉತ್ತರ ಕೊಟ್ಟವರ ದೋಣಿ ಹತ್ತಿ. ಯಾವ ದಿನವೂ ಪರವಾಗಿಲ್ಲ ಅಂದವರನ್ನು ಬಿಡಿ. ಮೂರು ಜನಕ್ಕೆ ದುಬಾರಿ ಆಯಿತು ಅಂತ ಇನ್ನೂ ಎಂಟು ಜನರನ್ನು ಸೇರಿಸಿಕೊಳ್ಳಬೇಡಿ.

ಇಳಿಯುವ ಮಾತು. ನನ್ನ ಅನುಭವದಲ್ಲಿ ಗಾಯಗಳೆಲ್ಲ ಆದದ್ದು ಇಳಿಯುವಾಗ, ಇಲ್ಲ ವಾಪಸ್ ಹತ್ತುವಾಗ. ಕಲ್ಲುದ್ವೀಪದ ಚೆಂದ ಇರುವುದು ಅದರ ಅಂಚಿನಲ್ಲಿ, ಅಂಚು ಕಾಣುವುದು ನೀರಿನಿಂದ. ಮೇಲೆ ಹತ್ತಿದರೆ ಮುಳ್ಳು, ಬಿಸಿಲು, ಹಿಂದೆ ಬಂದವರು ಬಿಸಾಕಿದ ಬಾಟಲಿ. ಒಂದು ಸಲ ಪೂರ್ತಿ ಸುತ್ತು ಹಾಕಿ. ಇಳಿಯಲೇಬೇಕು ಅಂದರೆ ಮರಳು ಅಥವಾ ಗುಂಡುಕಲ್ಲಿನ ದಂಡೆ ಇರುವ ಕಡೆ ಮಾತ್ರ. ದೋಣಿಯ ಮೂತಿ ದಂಡೆಗೆ, ಎಂಜಿನ್ ಕಡಲಿಗೆ ಇರಬೇಕು. ಎಂಜಿನ್ ಆಫ್ ಮಾಡಬಾರದು. ಒಬ್ಬೊಬ್ಬರಾಗಿ ಮೂತಿಯ ಮೇಲಿನಿಂದ ಇಳಿಯಬೇಕು, ಪಕ್ಕದಿಂದ ಅಲ್ಲ. ದೋಣಿಗೂ ಕಲ್ಲಿಗೂ ನಡುವೆ ಕೈ ಹಾಕಿ ತಡೆಯಲು ಹೋಗಬೇಡಿ. ತೆಪ್ಪಕ್ಕೆ ಹಾಗೆ ಮಾಡುತ್ತೇವೆ, ಗೊತ್ತು. ಆದರೆ ಅರ್ಧ ಟನ್ ದೋಣಿ ಅಲೆಯ ಮೇಲೆ ಬಂದರೆ ಬೆರಳು ಉಳಿಯುವುದಿಲ್ಲ. ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವ, ತಳ ಒರಟಾದ ಶೂ ಹಾಕಿ. ಕಡಲಿಗೆ ಬೆನ್ನು ಕೊಟ್ಟು ಫೋಟೋ ತೆಗೆಸಿಕೊಳ್ಳಬೇಡಿ. ಕಪ್ಪು ಪಟ್ಟಿಯ ಮೇಲೆ ನಿಂತಂತೂ ಬೇಡವೇ ಬೇಡ.

ಲಂಗರಿಗೆ ಒಂದು ಉಪಾಯ ಇದೆ. ಕಲ್ಲಿನ ತಳದಲ್ಲಿ ಲಂಗರು ಹಾಕಿದರೆ ಸಂದಿಗೆ ಸಿಕ್ಕಿಕೊಂಡು ಬರುವುದೇ ಇಲ್ಲ. ಅದಕ್ಕೆ ಹಗ್ಗವನ್ನು ಲಂಗರಿನ ತಲೆಯ ಬಳೆಗೆ ಗಟ್ಟಿಯಾಗಿ ಕಟ್ಟಬಾರದು. ಬುಡಕ್ಕೆ ಗಟ್ಟಿಯಾಗಿ ಕಟ್ಟಿ, ತಲೆಯ ಬಳೆಯ ಹತ್ತಿರ ತೆಳು ದಾರದಿಂದ ಬಿಗಿಯಬೇಕು. ಸಿಕ್ಕಿಕೊಂಡಾಗ ಜೋರಾಗಿ ಎಳೆದರೆ ದಾರ ಕಡಿಯುತ್ತದೆ, ಲಂಗರು ಬುಡದಿಂದ ಮೇಲೆದ್ದು ಬಿಡಿಸಿಕೊಳ್ಳುತ್ತದೆ. ಒಂದು ರೂಪಾಯಿಯ ದಾರ ಸಾವಿರಾರು ರೂಪಾಯಿಯ ಲಂಗರು ಉಳಿಸುತ್ತದೆ.

ಲೈಫ್ ಜಾಕೆಟ್ ಹಾಕಿಕೊಳ್ಳುವುದು ಕೇಳಬೇಕಾದ ವಿಷಯವೇ ಅಲ್ಲ. ನಮ್ಮ ಹಿರಿಯರು ಒಣ ಸೋರೆಬುರುಡೆ ಸೊಂಟಕ್ಕೆ ಕಟ್ಟಿಕೊಂಡು ಕೃಷ್ಣೆ ಈಜುತ್ತಿದ್ದರಲ್ಲ, ಅವರೇನು ಈಜು ಬಾರದವರಾ? ಜಾಕೆಟ್ ಹಾಕಿದ ಮೇಲೆ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿ. ಕಿವಿವರೆಗೆ ಬಂದರೆ ಅದು ನಿಮ್ಮದಲ್ಲ. ಅದಕ್ಕೊಂದು ಸೀಟಿ ಕಟ್ಟಿ. ಬಾವಿಯಲ್ಲಿ ಈಜು ಕಲಿತ ನಮಗೆ ಒಂದು ಕೊರತೆ ಇದೆ. ಬಾವಿಯಲ್ಲಿ ನಾಲ್ಕು ಕೈ ಹೊಡೆದರೆ ಮೆಟ್ಟಿಲು ಸಿಗುತ್ತದೆ. ಕಡಲಿನಲ್ಲಿ ಸಿಗುವುದು ದೋಣಿಯ ಅಂಚು ಮಾತ್ರ, ಅದೂ ಎದೆಗಿಂತ ಎತ್ತರದಲ್ಲಿ. ಹೊರಡುವ ಮೊದಲು ಇಲ್ಲೇ ಎಲ್ಲಾದರೂ ಈಜುಕೊಳದಲ್ಲಿ ಮೂವರೂ ಬಟ್ಟೆ, ಜಾಕೆಟ್ ಸಮೇತ ನೀರಿಗೆ ಬಿದ್ದು, ಮೆಟ್ಟಿಲು ಮುಟ್ಟದೆ, ಕಟ್ಟೆಯ ಮೇಲೆ ಹತ್ತಿ ನೋಡಿ. ಸುಲಭ ಅಂದುಕೊಂಡಿರುತ್ತೀರಿ, ನನ್ನ ಹತ್ತಿರ ಕಲಿಯುವ ಹುಡುಗರಲ್ಲಿ ಅರ್ಧ ಜನಕ್ಕೆ ಮೊದಲ ಸಲ ಆಗುವುದಿಲ್ಲ. ಅಭ್ಯಾಸಕ್ಕೆ ಅಂತ ಕೃಷ್ಣೆಗೆ ಇಳಿಯಬೇಡಿ, ಮೊಸಳೆಗಳ ವಿಷಯ ನಿಮಗೆ ನಾನು ಹೇಳಬೇಕಾ?

ನೀರು ತಲಾ ಎರಡು ಲೀಟರ್. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ವಾಂತಿ ಜಾಸ್ತಿ ಆಗುತ್ತದೆ. ಕಡಲಿನಲ್ಲಿ ತಿನ್ನಲು ಕಟಕ್ ರೊಟ್ಟಿ, ಶೇಂಗಾ ಹಿಂಡಿಯಂಥದ್ದು ಇನ್ನೊಂದಿಲ್ಲ. ಕೆಡುವುದಿಲ್ಲ, ಸೋರುವುದಿಲ್ಲ. ಕಾರವಾರದ ಗೆಳೆಯರು ನನ್ನ ರೊಟ್ಟಿ ಗಂಟಿಗೆ ನಗುತ್ತಿದ್ದರು, ಒಂಬತ್ತು ಗಂಟೆ ಆದ ಮೇಲೆ ಅವರೇ ಕೈ ಚಾಚುತ್ತಿದ್ದರು.

ಮನೆಯವರಿಗೆ ಒಂದು ಚೀಟಿ ಬರೆದಿಟ್ಟು ಹೋಗಿ. ಯಾವ ದಂಡೆಯಿಂದ, ಯಾರ ದೋಣಿ, ಯಾವ ದ್ವೀಪ, ಎಷ್ಟು ಗಂಟೆಗೆ ವಾಪಸ್. ಹೇಳಿದ ಹೊತ್ತು ಮೀರಿ ಎರಡು ಗಂಟೆಯಾದರೂ ಫೋನ್ ಬರದಿದ್ದರೆ ಯಾರಿಗೆ ಕರೆ ಮಾಡಬೇಕು ಅಂತ ಅದರಲ್ಲೇ ಇರಲಿ: ಕರಾವಳಿ ರಕ್ಷಣಾ ಪಡೆ 1554, ಕರಾವಳಿ ಕಾವಲು ಪೊಲೀಸರು 1093. ಹೊರಡುವ ಹಿಂದಿನ ದಿನ ಆ ಪೊಲೀಸ್ ಠಾಣೆಗೆ ಹೋಗಿ ಯಾವ ದ್ವೀಪಕ್ಕೆ ಇಳಿಯಲು ಅನುಮತಿ ಬೇಕು ಅಂತ ಕೇಳಿಕೊಂಡು ಬನ್ನಿ.

ಡಿಸೆಂಬರ್ ಬದಲು ಜನವರಿ ಕೊನೆಯ ವಾರ ಅಥವಾ ಫೆಬ್ರವರಿಯಲ್ಲಿ ಅಷ್ಟಮಿ ಬೀಳುವ ದಿನಗಳನ್ನು ನೋಡಿ. ಡಿಸೆಂಬರ್‌ನಲ್ಲಿ ಅರಬ್ಬಿ ಸಮುದ್ರದಲ್ಲಿ ಇನ್ನೂ ಚಂಡಮಾರುತ ಏಳುವುದುಂಟು. ಹುಬ್ಬಳ್ಳಿ ದಾಟಿ ಅರಬೈಲ್ ಘಾಟ್ ಇಳಿದು ಹೋಗುವಾಗ ಒಂದು ದಿನ ಹೆಚ್ಚಿಗೆ ಇಟ್ಟುಕೊಂಡು ಹೋಗಿ. ಆ ದಿನ ಕಡಲು ಸರಿ ಇಲ್ಲ ಅಂದರೆ ದಂಡೆಯಲ್ಲಿ ಕೂತು, ಎದುರಿನ ಬಂಡೆಗೆ ದೊಡ್ಡ ಅಲೆ ಎಷ್ಟು ನಿಮಿಷಕ್ಕೊಮ್ಮೆ ಬರುತ್ತದೆ ಅಂತ ಎಣಿಸಿ. ಹೋಗಿ ಬಂದ ಮೇಲೆ ಆ ಲೆಕ್ಕ ಬರೆದು ಕಳಿಸಿ.